ಪಡೆಯಲು ಬಾರದ ಕೈ: ಉಡುಪಿ ಕರಾವಳಿಯ ಒಂದು ಸಭೆಯ ಪ್ರಕರಣ ಅಧ್ಯಯನ

ಮೇ ಎರಡನೇ ವಾರದ ಒಂದು ಸಂಜೆ. ಉಡುಪಿಯಿಂದ ಕಾಪುವಿನ ಕಡೆಗೆ ಹೋಗುವ ದಾರಿಯಲ್ಲಿರುವ, ಕ್ರೈಸ್ತ ಸಭೆಯೊಂದರ ಹಳೆಯ ದೇವಾಲಯದ (ಚರ್ಚಿನ) ಮಾಡು ಅರ್ಧ ಬಿಚ್ಚಿಕೊಂಡಿತ್ತು. ಎರಡು ಇಳಿಜಾರು ಸೇರಿ ಸುಮಾರು 240 ಚದರ ಮೀಟರ್. ಚದರ ಮೀಟರಿಗೆ 15 ಮಂಗಳೂರು ಹೆಂಚು ಎಂದರೆ 3,600 ಹೆಂಚು. ಒಂದಕ್ಕೆ ಎರಡೂವರೆ ಕಿಲೋ ಹಿಡಿದರೂ ಒಂಬತ್ತು ಟನ್ ಭಾರ. ಅಷ್ಟನ್ನು ಹೊತ್ತ ರೀಪುಗಳಿಗೆ ಗೆದ್ದಲು ಹಿಡಿದಿತ್ತು. ಪಡುವಣ ಇಳಿಜಾರಿನ ಹೆಂಚು ಇಳಿಸಿ ಅಂಗಳದಲ್ಲಿ ಒರಗಿಸಿಟ್ಟಿದ್ದರು. ಹಳೆಯ ರೀಪು ಕಿತ್ತಾಗಿತ್ತು, ಹೊಸತು ಹೊಡೆಯುವ ಕೆಲಸ ಮರುದಿನ ಬೆಳಿಗ್ಗೆಗೆ. ಮೇಸ್ತ್ರಿಯೂ ಆಳುಗಳೂ ಮನೆಗೆ ಹೋದ ಮೇಲೆ ಸಭೆಯ ಖಜಾಂಚಿ ಒಬ್ಬರೇ ಏಣಿ ಹತ್ತಿ ಪಕ್ಕಾಸುಗಳನ್ನು (ರೀಪು ಹೊಡೆಯುವ ಇಳಿಜಾರು ಮರಗಳನ್ನು) ತಟ್ಟಿ ನೋಡುತ್ತಿದ್ದರು. ಏಣಿ ಜಾರಿತು. ಎಂಟು ಅಡಿ ಎತ್ತರದಿಂದ ಮುರಕಲ್ಲಿನ ಮೆಟ್ಟಿಲ ಮೇಲೆ ಕಾಲೂರಿ ಬಿದ್ದರು. ಬಲ ಹಿಮ್ಮಡಿಯ ಮೂಳೆ ಮುರಿಯಿತು. ಎಂಟು ವಾರ ಆ ಕಾಲು ನೆಲಕ್ಕೆ ತಾಗಬಾರದು ಎಂದರು ಡಾಕ್ಟರು.

ರಾತ್ರಿ ಹತ್ತು ದಾಟುವಾಗ ಗುಡುಗು ಮಳೆ ಶುರುವಾಯಿತು. ಕಾರ್ಯದರ್ಶಿ, ಇಬ್ಬರು ಯುವಕರು, ಪಕ್ಕದ ಮನೆಯವರು ಓಡಿ ಬಂದರು. ಟಾರ್ಪಾಲು ಎರಡು ವಾರ ಮೊದಲೇ ತಂದು ಹಿಂಬದಿಯ ಉಗ್ರಾಣದಲ್ಲಿ ಇಟ್ಟಿತ್ತು. ಉಗ್ರಾಣದ ಬೀಗದ ಕೈ ಖಜಾಂಚಿಯ ಗೊಂಚಲಿನಲ್ಲಿ, ಗೊಂಚಲು ಅವರ ಕಿಸೆಯಲ್ಲಿ, ಅವರು ಆಸ್ಪತ್ರೆಯಲ್ಲಿ. ಬೀಗ ಮೀಟಲು ಕಬ್ಬಿಣದ ಸರಳು ಅಲ್ಲೇ ಬಿದ್ದಿತ್ತು, ಆದರೆ ಯಾರೂ ಮುಟ್ಟಲಿಲ್ಲ. “ಅವರಿಗೆ ಬೇಸರ ಆದೀತು” ಎಂದರು. ಕೊನೆಗೆ ಹತ್ತಿರದ ಭಜನಾ ಮಂದಿರದವರು ತಮ್ಮ ಚಪ್ಪರದ ಎರಡು ಟಾರ್ಪಾಲು ಕೊಟ್ಟರು, ಅವರ ಹುಡುಗರೇ ಮೇಲೆ ಹತ್ತಿ ಕಟ್ಟಿದರು. ಅಷ್ಟರಲ್ಲಿ ಮುಂದಿನ ನಾಲ್ಕು ಬೆಂಚೂ ಹಾರ್ಮೋನಿಯಂ ಪೆಟ್ಟಿಗೆಯೂ ತೊಯ್ದು ತೊಪ್ಪೆಯಾಗಿದ್ದವು.

ಹಾಗೆ ಯಾಕಾಯಿತು, ಮುಂದಿನ ಐದು ತಿಂಗಳು ಸಭೆ ಏನು ಮಾಡಿತು, ಎಲ್ಲಿ ಎಡವಿತು ಎಂಬುದನ್ನು ಇಲ್ಲಿ ಬರೆದಿದೆ. ಕರಾವಳಿಯ ಸಭೆಗಳಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಒಂದೇ ಸಭೆಯ ಚೌಕಟ್ಟಿಗೆ ತಂದು ಹೇಳಿದ್ದು; ಯಾವ ಒಬ್ಬ ವ್ಯಕ್ತಿಯ ಗುರುತೂ ಇದರಲ್ಲಿಲ್ಲ.

ಸಭೆ ಮತ್ತು ಖಜಾಂಚಿ

ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟೆಂಟ್ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್ ಹಿನ್ನೆಲೆಯ ಸಭೆ, 84 ಮನೆಗಳು. ಖಜಾಂಚಿಗೆ 63 ವರ್ಷ, ಬ್ಯಾಂಕಿನಿಂದ ನಿವೃತ್ತರು. ಹನ್ನೊಂದು ವರ್ಷಗಳಿಂದ ಅದೇ ಹುದ್ದೆ. ಲೆಕ್ಕದಲ್ಲಿ ಒಂದು ರೂಪಾಯಿ ಹೆಚ್ಚುಕಡಿಮೆ ಆದದ್ದಿಲ್ಲ. ಮುಂದಿನ ಬೆಂಚಿನಲ್ಲಿ ಕೂತವರಲ್ಲ, ವೇದಿಕೆ ಹತ್ತಿದವರಲ್ಲ, ದಾನಿಗಳ ಕಲ್ಲಿನಲ್ಲಿ ಹೆಸರು ಕೆತ್ತಿಸಿದವರಲ್ಲ. ಯಾರಾದರೂ ಹೊಗಳಿದರೆ “ನಂದೇನುಂಟು, ಎಲ್ಲ ದೇವರ ಕೃಪೆ” ಎನ್ನುತ್ತಿದ್ದರು, ಹಾಗೆ ನಂಬಿಯೂ ಇದ್ದರು. ಆ ಮಾತನ್ನು ಸಂಶಯದಿಂದ ನೋಡಲು ಕಾರಣವಿಲ್ಲ.

ಆದರೂ ಅವರು ಮಲಗಿದ ಮೂರನೇ ವಾರ ಖಜಾಂಚಿ ಮಾಡುತ್ತಿದ್ದ ಕೆಲಸಗಳನ್ನು ಕಾರ್ಯದರ್ಶಿ ನೋಟ್‌ಬುಕ್ಕಿನಲ್ಲಿ ಒಂದೊಂದಾಗಿ ಬರೆಯುತ್ತಾ ಹೋದಾಗ 27 ಬಾಬ್ತು ಆದವು. ಕಾಣಿಕೆ ಎಣಿಸುವುದು, ಬ್ಯಾಂಕಿಗೆ ಕಟ್ಟುವುದು, ರಸೀದಿ ಬರೆಯುವುದು ಖಜಾಂಚಿಯ ಕೆಲಸವೇ ಸರಿ. ಜೊತೆಗೆ ಕರೆಂಟು ಬಿಲ್ಲು, ಸ್ಮಶಾನದ ಹುಲ್ಲು ಕೊಯ್ಯಿಸುವುದು, ಸಂಡೇ ಸ್ಕೂಲಿನ ಬಹುಮಾನ ತರುವುದು, ಬಾವಿಯ ಪಂಪು, ಬೆಳೆಹಬ್ಬದ ಏಲಂ ಪಟ್ಟಿ, ಕರ್ತನ ಭೋಜನಕ್ಕೆ (ಆರಾಧನೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ವಿಧಿಗೆ) ದ್ರಾಕ್ಷಾರಸ, ಮೈಕಿನ ಬ್ಯಾಟರಿ, ಸತ್ತವರ ಮನೆಗೆ ಕುರ್ಚಿ ಕಳುಹಿಸುವುದು. ಚೆಕ್ಕಿಗೆ ಇಬ್ಬರ ಸಹಿ ಬೇಕೆಂಬ ನಿಯಮ ಕಾಗದದ ಮೇಲಿತ್ತು. ವಾಸ್ತವದಲ್ಲಿ ಕಾರ್ಯದರ್ಶಿ ಹತ್ತು ಹತ್ತು ಖಾಲಿ ಚೆಕ್ಕುಗಳಿಗೆ ಮೊದಲೇ ಸಹಿ ಹಾಕಿ ಕೊಡುತ್ತಿದ್ದರು. “ಅವರನ್ನು ನಂಬದೆ ಮತ್ತೆ ಯಾರನ್ನು ನಂಬುವುದು” ಎಂಬುದು ಎಲ್ಲರ ಮಾತು.

ಇನ್ನೊಂದು ಪುಸ್ತಕವೂ ಆಗ ತೆರೆದು ನೋಡಿದ್ದು: ಬುಧವಾರದ ಪ್ರಾರ್ಥನಾ ಕೂಟದ ವಿನಂತಿ ಪುಸ್ತಕ. ನಾಲ್ಕು ವರ್ಷದ ಬರಹ ಅದರಲ್ಲಿದೆ. ಮಗಳ ಪರೀಕ್ಷೆ, ಗಲ್ಫಿಗೆ ಹೋದ ಮಗ, ಗರ್ಭಿಣಿ ಸೊಸೆ, ಸಾಲ, ಜ್ವರ, ಜಾಗದ ವ್ಯಾಜ್ಯ. ಖಜಾಂಚಿ ಇತರರಿಗಾಗಿ ಬರೆಸಿದ ವಿನಂತಿಗಳು ಪುಟಕ್ಕೊಂದು ಸಿಗುತ್ತವೆ. ತನಗಾಗಿ ಬರೆಸಿದ್ದು ಒಂದೂ ಇಲ್ಲ.

ಬೇನೆ ಎಲ್ಲಿತ್ತು

ಇಂಥ ಸಂದರ್ಭದಲ್ಲಿ ಸಭೆಗಳು ಥಟ್ಟನೆ ಹೇಳುವ ಮಾತು “ಅಹಂಕಾರ” ಎಂದು. ಆ ರೋಗನಿದಾನ ಇಲ್ಲಿ ತಪ್ಪು; ನಿದಾನ ತಪ್ಪಿದರೆ ಔಷಧವೂ ತಪ್ಪುತ್ತದೆ. ಅಹಂಕಾರಿ ಹೊಗಳಿಕೆ ಬಯಸುತ್ತಾನೆ, ಇವರು ಬಯಸಲಿಲ್ಲ. ಇವರಿಗೆ ಇಲ್ಲದ್ದು ಪಡೆಯುವ ಅಭ್ಯಾಸ.

ಕನ್ನಡದಲ್ಲಿ ಈ ಗುಣಕ್ಕೆ ಹೆಸರಿಡುವುದೇ ಸ್ವಲ್ಪ ಕಷ್ಟ. ವಿನಯ ಎಂದರೆ ಮಾತು ನಡೆಯ ಮೃದುತನ. ಅದು ಖಜಾಂಚಿಗೆ ಬೇಕಾದಷ್ಟಿತ್ತು. ಕೀಳರಿಮೆ ಬೇರೆ, ಅದು ತನ್ನನ್ನೇ ಸದಾ ಅಳೆದುಕೊಳ್ಳುವ ಇನ್ನೊಂದು ಬಗೆ. ಸತ್ಯವೇದದ (ಬೈಬಲಿನ) ‘ದೀನ’ ಎಂಬ ಮಾತು ನಮ್ಮ ಕಿವಿಗೆ ಪಾಪ, ಬಡಪಾಯಿ ಎಂಬಂತೆ ಕೇಳುತ್ತದೆ. ಹೊಸ ಒಡಂಬಡಿಕೆಯ ಗ್ರೀಕಿನಲ್ಲೂ ‘ತಪೆಯ್ನೊಸ್’ ಎಂಬುದು ಮೊದಲು ಗೌರವದ ಪದವಾಗಿರಲಿಲ್ಲ. ತಗ್ಗಿನಲ್ಲಿರುವವನು, ಲೆಕ್ಕಕ್ಕಿಲ್ಲದವನು ಎಂಬ ಅರ್ಥ ಅದಕ್ಕಿತ್ತು. ಫಿಲಿಪ್ಪಿಯವರಿಗೆ ಬರೆದ ಪತ್ರದ ಎರಡನೇ ಅಧ್ಯಾಯದಲ್ಲಿ ಪೌಲನು ಆ ಮಾತನ್ನೇ ಹಿಡಿದು, ಕ್ರಿಸ್ತನು ತನ್ನನ್ನು ಬರಿದು ಮಾಡಿಕೊಂಡು ದಾಸನ ರೂಪ ಧರಿಸಿ ತಗ್ಗಿಸಿಕೊಂಡನು ಎನ್ನುತ್ತಾನೆ. ಬರಿದಾದ ಪಾತ್ರೆಗೆ ಮಾತ್ರ ಯಾರಾದರೂ ಏನಾದರೂ ಹಾಕಬಹುದು. ದೀನತೆ ಎಂದರೆ ದೇವರ ಮುಂದೆ ಮನುಷ್ಯ ನಿಂತಿರುವ ಜಾಗ, ಪಡೆಯುವವನ ಜಾಗ. ಮಾತಿನ ಧಾಟಿ ಆಮೇಲಿನದ್ದು.

ಯೋಹಾನನ ಸುವಾರ್ತೆಯ 13ನೇ ಅಧ್ಯಾಯ ಇದನ್ನು ಇನ್ನೂ ಹತ್ತಿರದಿಂದ ತೋರಿಸುತ್ತದೆ. ಕರ್ತನು ಬೋಗುಣಿಗೆ ನೀರು ಹೊಯ್ದು ಶಿಷ್ಯರ ಕಾಲು ತೊಳೆಯಲು ಬಂದಾಗ ಪೇತ್ರನು ಬೇಡವೇ ಬೇಡ ಎನ್ನುತ್ತಾನೆ. ಕೇಳಲು ಅದು ಎಷ್ಟು ಸೌಜನ್ಯದ ಮಾತು! ಆದರೆ ಸಿಕ್ಕಿದ ಉತ್ತರ ಕಟುವಾಗಿದೆ: ತೊಳೆಯಿಸಿಕೊಳ್ಳದಿದ್ದರೆ ನನ್ನೊಂದಿಗೆ ನಿನಗೆ ಪಾಲಿಲ್ಲ. ಆ ಭಾಗವನ್ನು ಶುಭ ಶುಕ್ರವಾರದ ಹಿಂದಿನ ಸಂಜೆ ವರ್ಷ ವರ್ಷವೂ ಓದುತ್ತೇವೆ, ನಾವು ಇತರರ ಕಾಲು ತೊಳೆಯಬೇಕು ಎಂಬ ಪಾಠವನ್ನು ಬೇಗ ಹಿಡಿಯುತ್ತೇವೆ. ಮೊದಲು ಕಾಲು ಚಾಚಿ ಕೂರಬೇಕು ಎಂಬುದು ದಾಟಿ ಹೋಗುತ್ತದೆ.

ಎರಡನೇ ಪೂರ್ವಕಾಲವೃತ್ತಾಂತದ 26ನೇ ಅಧ್ಯಾಯದ ಉಜ್ಜೀಯನ ಕಥೆಯೂ ಇಲ್ಲಿ ಬೇಕು. ಗೋಪುರ ಕಟ್ಟಿಸಿದ, ಬಾವಿಗಳನ್ನು ತೋಡಿಸಿದ, ಬೇಸಾಯವನ್ನು ಪ್ರೀತಿಸಿದ ಸಮರ್ಥ ಅರಸ. 15ನೇ ವಚನ ಅವನಿಗೆ ಆಶ್ಚರ್ಯಕರವಾದ ಸಹಾಯ ಸಿಕ್ಕಿ ಬಲಗೊಂಡ ಎನ್ನುತ್ತದೆ, 16ನೇ ವಚನ ಬಲಗೊಂಡ ಮೇಲೆ ಮನಸ್ಸು ಉಬ್ಬಿ ಹಾಳಾದ ಎನ್ನುತ್ತದೆ. ಸಾಮರ್ಥ್ಯ ಪಾಪವಲ್ಲ. ಸಹಾಯದಿಂದ ಬೆಳೆದ ಸಾಮರ್ಥ್ಯ, ಸಹಾಯದ ನೆನಪನ್ನೇ ನುಂಗಿಬಿಡುತ್ತದೆ. ಧರ್ಮೋಪದೇಶಕಾಂಡದ 8ನೇ ಅಧ್ಯಾಯವೂ ಈ ಅಪಾಯವನ್ನು ಇಡುವುದು ಒಳ್ಳೆಯ ಮನೆ ಕಟ್ಟಿ ಕುಳಿತ ನಂತರದ ದಿನಗಳಲ್ಲೇ.

ಸಭೆಯ ಪಾಲು ಚಿಕ್ಕದಲ್ಲ. ಬೀಗ ಒಡೆಯಲು ಹಿಂಜರಿದವರು, ಖಾಲಿ ಚೆಕ್ಕಿಗೆ ಸಹಿ ಹಾಕಿದವರು, ಹನ್ನೊಂದು ವರ್ಷ ಬೇರೊಬ್ಬರ ಹೆಸರು ಸೂಚಿಸದವರು ದೇವರ ಮೇಲೆ ಒರಗುವ ಬದಲು ಒಬ್ಬರ ಮೇಲೆ ಒರಗಿದ್ದರು. ಈ ಕರಾವಳಿಯ ಸಭೆಗಳಿಗೆ ಇದು ಗೊತ್ತಿರದ ಸಂಗತಿಯಲ್ಲ. 1834ರ ಅಕ್ಟೋಬರ್ 30ರಂದು ಬಾಸೆಲ್ ಮಿಷನಿನ ಮಿಷನರಿಗಳಾದ ಹೆಬಿಕ್, ಲೇನರ್, ಗ್ರೈನರ್ ಮಂಗಳೂರಿನಲ್ಲಿ ಇಳಿದ ಮೇಲೆ ಹುಟ್ಟಿದ ಸಭೆಗಳಲ್ಲಿ, ಅಜ್ಜ ಮುತ್ತಜ್ಜಂದಿರ ಅನ್ನ ಎಷ್ಟೋ ಕಡೆ ಮಿಷನಿನ ನೇಯ್ಗೆಶಾಲೆಯಿಂದ, 1865ರಲ್ಲಿ ಜೆಪ್ಪುವಿನಲ್ಲಿ ಶುರುವಾದ ಹೆಂಚಿನ ಕಾರ್ಖಾನೆಯಂಥ ಕಡೆಗಳಿಂದ ಬರುತ್ತಿತ್ತು. ಈ ದೇವಾಲಯದಿಂದ ಇಳಿಸಿದ ಹೆಂಚುಗಳಲ್ಲೂ ಕೆಲವಕ್ಕೆ ಆ ಕಾರ್ಖಾನೆಯ ಅಚ್ಚಿತ್ತು. 1914ರ ಯುದ್ಧ ಬಂದಾಗ ಜರ್ಮನ್ ಮಿಷನರಿಗಳನ್ನು ಹಿಡಿದಿಟ್ಟರು, 1919ರಲ್ಲಿ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪನಿಗೆ ಹೋದವು. ಒರಗಿದ ಗೋಡೆ ಒಂದೇ ಸಲ ಸರಿದಾಗ ಏನಾಗುತ್ತದೆಂದು ಆ ತಲೆಮಾರು ನೋಡಿತ್ತು.

ಲೆಕ್ಕದೊಳಗೆ ಸಿಕ್ಕಿದ್ದು

ನಾಲ್ಕನೇ ವಾರ ಕಾರ್ಯದರ್ಶಿಯೂ ಲೆಕ್ಕ ಗೊತ್ತಿದ್ದ ಒಬ್ಬ ಯುವಕನೂ ಪಾಸ್‌ಬುಕ್ಕು, ರಸೀದಿ, ಖರ್ಚಿನ ಚೀಟಿ ತಾಳೆ ನೋಡಿದರು. ಕಳೆದ 14 ತಿಂಗಳ ಸರಾಸರಿ ಕಾಣಿಕೆ ತಿಂಗಳಿಗೆ 41,000 ರೂ. ಖರ್ಚು 46,500 ರೂ. ಆದರೆ ಕಮಿಟಿಗೆ ಓದಿ ಹೇಳಿದ ಯಾವ ವರದಿಯಲ್ಲೂ ಕೊರತೆ ಇಲ್ಲ. ಪ್ರತಿ ತಿಂಗಳ ಕೊನೆಯಲ್ಲಿ “ಹಿತೈಷಿ” ಎಂಬ ಒಂದು ಸಾಲು, ಅದರ ಎದುರು ಸರಿಯಾಗಿ ಕೊರತೆಯಷ್ಟೇ ಹಣ. ಹದಿನಾಲ್ಕು ತಿಂಗಳಿಗೆ 77,000 ರೂ. ಆ ಹಿತೈಷಿ ಖಜಾಂಚಿಯೇ. ಪಿಂಚಣಿಯಿಂದ ತುಂಬಿಸುತ್ತಿದ್ದರು.

ಮೊದಲು ನೋಡಿದರೆ ಕಣ್ಣು ತುಂಬುವಂಥ ಔದಾರ್ಯ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ ಎಂಬ ಮಾತನ್ನು ಅವರು ಅಕ್ಷರಶಃ ಪಾಲಿಸಿದ್ದರು. ಆದರೆ ಮತ್ತಾಯನ 6ನೇ ಅಧ್ಯಾಯ ಮುಚ್ಚಿಡಲು ಹೇಳುವುದು ಕೊಟ್ಟವನನ್ನು. ಇಲ್ಲಿ ಮುಚ್ಚಿಹೋದದ್ದು ಸಭೆಯ ಕೊರತೆ. 84 ಮನೆಯವರು ನಮ್ಮ ಕಾಣಿಕೆ ಸಾಕಾಗುತ್ತಿದೆ ಎಂದೇ ತಿಳಿದಿದ್ದರು. ಕಡಿಮೆ ಬಿದ್ದಿದೆ ಎಂದು ಗೊತ್ತಾಗದ್ದರಿಂದ ಯಾರೂ ಕೇಳಲಿಲ್ಲ, ಕೇಳದ್ದರಿಂದ ಯಾರೂ ಪ್ರಾರ್ಥಿಸಲಿಲ್ಲ, ಹೆಚ್ಚು ಕೊಡಬಲ್ಲವರಿಗೆ ಕೊಡುವ ಸಂದರ್ಭವೇ ಬರಲಿಲ್ಲ. ಅನುದಿನದ ಆಹಾರಕ್ಕಾಗಿ ಭಾನುವಾರ ಭಾನುವಾರ ಬೇಡಿಕೊಳ್ಳುತ್ತಿದ್ದ ಸಭೆಗೆ ಯಾವ ದಿನ ಆಹಾರ ಕಡಿಮೆ ಇತ್ತು ಎಂಬುದೇ ಗೊತ್ತಿರಲಿಲ್ಲ. ಈ ಇಡೀ ಪ್ರಕರಣದಲ್ಲಿ ನಮ್ಮನ್ನು ಹೆಚ್ಚು ತಡೆದು ನಿಲ್ಲಿಸುವುದು ಇದೇ. ಒಳ್ಳೆಯವರೊಬ್ಬರು ಒಳ್ಳೆಯ ಮನಸ್ಸಿನಿಂದ, ದೇವರಿಗೂ ಸಭೆಗೂ ನಡುವೆ ಒಂದು ಗೋಡೆಯಂತೆ ನಿಂತುಬಿಟ್ಟಿದ್ದರು, ತನಗೇ ತಿಳಿಯದೆ.

ಮಾಡಿದ್ದು, ತಪ್ಪಿದ್ದು

ಮೊದಲ ಹತ್ತು ದಿನ ತಪ್ಪಿದ್ದು ಸಭಾಪಾಲಕರೇ (ಸಭೆಯ ಪಾದ್ರಿ). ಗೊಂಚಲನ್ನು ಖಜಾಂಚಿಯ ಹೆಂಡತಿಯಿಂದ ತರಿಸಿಕೊಂಡು ತಾವೇ ಬೆಲ್ಟಿಗೆ ಸಿಕ್ಕಿಸಿಕೊಂಡರು. ಮೇಸ್ತ್ರಿಯ ಬಟವಾಡೆ, ಮರದ ಡಿಪೋ, ಪಂಪು, ಎಲ್ಲದಕ್ಕೂ ತಾವೇ ಓಡಿದರು. ಎರಡು ಭಾನುವಾರದ ಪ್ರಸಂಗ ಸಿದ್ಧತೆಯಿಲ್ಲದೆ ಹೋಯಿತು, ಮನೆಭೇಟಿ ನಿಂತಿತು. ಮೋಶೆಯ ಮಾವ ಇತ್ರೋನ ಮಾತನ್ನು ಅವರಿಗೆ ನೆನಪಿಸಿದ್ದು ಎಪ್ಪತ್ತು ದಾಟಿದ ಒಬ್ಬ ಹಿರಿಯರು: ಹೀಗೆ ಮಾಡಿದರೆ ನೀನೂ ಬಳಲುತ್ತೀ, ನಿನ್ನೊಂದಿಗಿರುವ ಜನವೂ ಬಳಲುತ್ತದೆ. ವಿಮೋಚನಕಾಂಡ 18. ಅರಣ್ಯಕಾಂಡ 12:3 ಭೂಮಿಯ ಮೇಲಿನ ಎಲ್ಲರಿಗಿಂತ ಸಾತ್ವಿಕ ಎಂದು ಕರೆಯುವುದು ಇದೇ ಮೋಶೆಯನ್ನು. ಅಂಥವನಿಗೂ ಹೊರಗಿನಿಂದ ಬಂದವನೊಬ್ಬ ಹೇಳಬೇಕಾಯಿತು, ಅವನು ಕೇಳಿದ. ಸಭಾಪಾಲಕರು ಮರುದಿನವೇ ಗೊಂಚಲನ್ನು ಮೇಜಿನ ಮೇಲೆ ಬಿಡಿಸಿ ಬೇರೆ ಬೇರೆ ಐವರಿಗೆ ಹಂಚಿದರು.

ಖಜಾಂಚಿಯ ಮನೆಗೆ ಹೋದಾಗ ಸಭೆಯ ಕೆಲಸದ ಸುದ್ದಿ ಎತ್ತಬಾರದೆಂದು ಮೊದಲೇ ತೀರ್ಮಾನವಾಗಿತ್ತು. ಅದು ಸರಿಯಾದ ತೀರ್ಮಾನ. ಎರಡನೇ ವಾರ ಮನೆಯಲ್ಲೇ ಕರ್ತನ ಭೋಜನ. ಅವರು ಮಂಚದಲ್ಲಿ ಕೂತೇ ಮೇಜು ಎಲ್ಲಿಡಬೇಕು, ಬಿಳಿ ಬಟ್ಟೆ ಯಾವ ಕಪಾಟಿನಲ್ಲಿದೆ, ಬಟ್ಟಲು ಯಾವ ಕಡೆ ಎಂದು ಹೇಳುತ್ತಿದ್ದರು. ರೊಟ್ಟಿ ಕೊಡುವಾಗ ಬೆರಳು ಮುಂದಕ್ಕೆ ಬಂದು ತಾವೇ ಎತ್ತಿಕೊಳ್ಳಲು ಹೊರಟವು. ಸಭಾಪಾಲಕರು ಒಂದು ಕ್ಷಣ ಕಾದರು. ಅಂಗೈ ಮೇಲ್ಮುಖವಾಯಿತು, ಆಮೇಲೆ ರೊಟ್ಟಿ ಇಟ್ಟರು. ಇಡೀ ಭೇಟಿ ಇಪ್ಪತ್ತೇ ನಿಮಿಷ. ರೋಗಿಯ ಮನೆಯಲ್ಲಿ ಅದಕ್ಕಿಂತ ಹೆಚ್ಚು ಕೂರುವುದು ಒಳ್ಳೆಯದಲ್ಲ.

ಹಿರಿಯರು ಹೋಗಿ ಪ್ರಾರ್ಥಿಸುವ ವಿಚಾರದಲ್ಲಿ ಸ್ವಲ್ಪ ಚರ್ಚೆಯಾಯಿತು. ಯಾಕೋಬನ ಪತ್ರ 5:14ರಲ್ಲಿ ಅಸ್ವಸ್ಥನಾದವನು ಹಿರಿಯರನ್ನು ಕರೆಯಿಸಲಿ ಎಂದಿದೆ. ಕರೆಯಬೇಕಾದವನು ಅವನು. ಹಿರಿಯರು ತಾವಾಗಿ ಹೋದರೂ ತಪ್ಪೇನಿಲ್ಲ, ಸಾಮಾನ್ಯವಾಗಿ ಹೋಗಲೇಬೇಕು. ಆದರೆ ಈ ಮನುಷ್ಯನಿಗೆ ಕರೆಯುವುದೇ ಔಷಧ ಎಂದು ಸಭಾಪಾಲಕರಿಗೆ ಅನಿಸಿತು. ಆ ವಚನ ಓದಿ ಹೇಳಿ, ಬೇಕಾದಾಗ ಕರೆಯಿರಿ ಎಂದಷ್ಟೇ ಹೇಳಿ ಬಂದರು. ಎರಡು ವಾರ ಕರೆ ಬರಲಿಲ್ಲ.

ಈ ನಡುವೆ ಯುವಕರ ವಾಟ್ಸಾಪ್ ಗುಂಪಿನಲ್ಲಿ “ಲೆಕ್ಕದಲ್ಲಿ ಏನೋ ಉಂಟಂತೆ” ಎಂಬ ಒಂದು ಸಾಲು ಬಿತ್ತು. ಅರ್ಧ ದಿನದಲ್ಲಿ ಅದು ಮುಂಬಯಿಯಲ್ಲಿದ್ದ ಅವರ ಮಗಳಿಗೆ ಮುಟ್ಟಿತು. ಕೊಟ್ಟವರನ್ನೇ ಕದ್ದವರಂತೆ ಕಾಣುವ ಸ್ಥಿತಿ. ತಾಳೆ ನೋಡಿದ ಇಬ್ಬರೂ ಅಂದೇ ಸಂಜೆ ಸಭಾಪಾಲಕರಿಗೆ, ಸಭಾಪಾಲಕರು ಮರುದಿನವೇ ಖಜಾಂಚಿಗೆ ಹೇಳಿದ್ದರೆ ಇದು ಆಗುತ್ತಿರಲಿಲ್ಲ. ನಾಲ್ಕು ದಿನ ತಡ ಮಾಡಿದ್ದರು. ಒಬ್ಬನ ವಿಷಯವನ್ನು ಮೊದಲು ಅವನಿಗೊಬ್ಬನಿಗೇ ಹೇಳಬೇಕು ಎಂಬ ಮತ್ತಾಯ 18:15ರ ಕ್ರಮ ತಪ್ಪು ಮಾಡಿದವನಿಗೆ ಮಾತ್ರ ಸೀಮಿತವಲ್ಲ, ಯಾರ ಮಾನ ಚರ್ಚೆಗೆ ಬಂದಿದೆಯೋ ಅವರೆಲ್ಲರಿಗೂ ಅನ್ವಯಿಸುವಂಥದ್ದು.

ಸುದ್ದಿ ತಣಿಸಲೆಂದು ಕಮಿಟಿ ಸನ್ಮಾನಕ್ಕೆ ಹೊರಟಿತು. ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆ, ನಮ್ಮ ಊರಿನಲ್ಲಿ ಎಲ್ಲ ಗಾಯಕ್ಕೂ ಹಚ್ಚುವ ಮುಲಾಮು. ಫ್ಲೆಕ್ಸ್‌ಗೆ ಫೋಟೊ ಕೂಡ ಕೇಳಿಯಾಗಿತ್ತು. ಅದನ್ನು ನಿಲ್ಲಿಸಿದ್ದು ಒಳ್ಳೆಯದಾಯಿತು. ಪಡೆಯಲು ಕಲಿಯಬೇಕಾದವರನ್ನು ಮತ್ತೆ ಎತ್ತರದ ಕುರ್ಚಿಯಲ್ಲಿ ಕೂರಿಸಿದರೆ ಇಳಿಯುವ ದಾರಿಯೇ ಮುಚ್ಚುತ್ತದೆ.

ಸಭಾಪಾಲಕರು ಹಿತೈಷಿಯ ಸಾಲಿನ ಬಗ್ಗೆ ಮಾತಾಡಿದ ಮೂರನೇ ದಿನ ಖಜಾಂಚಿಯಿಂದ ರಾಜೀನಾಮೆ ಪತ್ರ ಬಂತು. ಎಲ್ಲ ಹುದ್ದೆಗಳಿಗೂ. “ನಾನು ಯೋಗ್ಯನಲ್ಲ” ಎಂದು ಮೂರು ಕಡೆ ಬರೆದಿತ್ತು. ಇದನ್ನು ದೀನತೆ ಎಂದುಕೊಂಡು ಸ್ವೀಕರಿಸುವ ಸಭೆಗಳಿವೆ. ಆದರೆ ಎಲ್ಲವನ್ನೂ ನಾನೇ ಮಾಡುತ್ತೇನೆ ಎಂಬ ಮನಸ್ಸೇ ಸೋತಾಗ ಏನೂ ಮಾಡುವುದಿಲ್ಲ ಎನ್ನುತ್ತದೆ. ಎರಡರಲ್ಲೂ ಅಳತೆಗೋಲು ‘ನಾನು’. ಸಭಾಪಾಲಕರು ಪತ್ರ ಹಿಂತಿರುಗಿಸಿ ಹೀಗೆ ಹೇಳಿದರು: “ಯೋಗ್ಯತೆಯ ಪ್ರಶ್ನೆ ಇಲ್ಲ ಸರ್. ಎರಡು ಮಕ್ಕಳು ವಾರಕ್ಕೆರಡು ಸಲ ಬರ್ತಾರೆ. ಲೆಕ್ಕ ಬರೆಯಲು ಕಲಿಸಿಕೊಡಿ. ಅವರು ತಪ್ಪು ಬರೆದರೆ ನೀವು ತಿದ್ದಬಾರದು, ತೋರಿಸಬೇಕು. ಅವರೇ ತಿದ್ದಲಿ.” ಡಿಸೆಂಬರಿನವರೆಗೆ ಹುದ್ದೆಯಲ್ಲಿ ಇದ್ದು ಹಸ್ತಾಂತರ ಮುಗಿಸುವುದು ಎಂದಾಯಿತು.

ಆ ರಾತ್ರಿಯೇ ಅವರ ಹೆಂಡತಿಯ ಫೋನು: “ಅಯ್ಯನವರೇ, ನಾಳೆ ಹಿರಿಯರನ್ನು ಕರಕೊಂಡು ಬರ್ಲಿಕ್ಕೆ ಆಗ್ತದಾ ಅಂತ ಇವರು ಕೇಳ್ತಿದ್ದಾರೆ.”

ಹೋದವರು ನಾಲ್ವರು. ಎಣ್ಣೆ ಹಚ್ಚಿ ಪ್ರಾರ್ಥಿಸುವ ಮೊದಲು, ನಿಮಗೆ ಏನು ಬೇಕು ಹೇಳಿ ಎಂದು ಕೇಳಿದರು. ಬಹಳ ಹೊತ್ತು ಮಾತಿಲ್ಲ. ಆಮೇಲೆ ಅವರು ಹೇಳಿದ್ದು ಕಾಲಿನ ವಿಷಯವಲ್ಲ. ರಾತ್ರಿ ಮೂರು ಗಂಟೆಗೆ ಎಚ್ಚರವಾಗುತ್ತದೆ, ಆಗ ನಾನಿಲ್ಲದಿದ್ದರೂ ಎಲ್ಲ ನಡೆಯುತ್ತದಲ್ಲ ಎಂಬ ಭಯ ಬರುತ್ತದೆ, ಅದಕ್ಕೆ ಪ್ರಾರ್ಥಿಸಿ ಎಂದರು. ವಿನಂತಿ ಪುಸ್ತಕದಲ್ಲಿ ಅವರ ಹೆಸರಿನ ಮೊದಲ ಸಾಲು ಬಿದ್ದದ್ದು ಅಂದು, ಅವರ ಒಪ್ಪಿಗೆ ಕೇಳಿಯೇ ಬರೆದದ್ದು, ವಿವರವಿಲ್ಲದೆ.

ಸಭೆಯ ಮುಂದೆ

ಆರನೇ ವಾರ ಆರಾಧನೆಯ ನಂತರ ಸಭಾಕೂಟ. ಕೊರತೆಯ ಅಂಕಿಗಳನ್ನು ಕಪ್ಪುಹಲಗೆಯ ಮೇಲೆ ಬರೆದರು. ಹಿತೈಷಿಯ ಹೆಸರನ್ನು ಖಜಾಂಚಿ ಒಪ್ಪಿದ ಮೇಲೆಯೇ ಹೇಳಿದ್ದು. ಕೃತಜ್ಞತೆಯ ಮಾತು ಬರುತ್ತದೆಂದು ಕಮಿಟಿ ಎಣಿಸಿತ್ತು. ಮೊದಲು ಬಂದದ್ದು ಸಿಟ್ಟು. “ನಮ್ಮನ್ನು ಕೇಳದೆ ನಮ್ಮನ್ನು ಸಾಕಿದ್ದಾ?” ಎಂದರು ಒಬ್ಬರು. ಆ ಸಿಟ್ಟಿನಲ್ಲಿ ನ್ಯಾಯವೂ ಇತ್ತು, ಪಡೆಯಲು ಬಾರದ ಅದೇ ಬೇನೆಯೂ ಇತ್ತು. ಅದು ಖಜಾಂಚಿಯ ಒಬ್ಬರ ಕಾಯಿಲೆ ಅಲ್ಲವೆಂದು ಅಲ್ಲಿದ್ದ ಹಲವರಿಗೆ ಹೊಳೆದದ್ದು ಆಗಲೇ.

77,000 ರೂಪಾಯಿ ಹಿಂತಿರುಗಿಸಬೇಕು ಎಂಬ ಸೂಚನೆ ಬಂತು, ಬಿದ್ದುಹೋಯಿತು. ಕೊಟ್ಟದ್ದನ್ನು ಕಾಣಿಕೆಯಾಗಿ ಪುಸ್ತಕದಲ್ಲಿ ಬರೆದು ಸ್ವೀಕರಿಸುವುದು, ಇನ್ನು ಮುಂದೆ ಯಾರೂ ಕೊರತೆಯನ್ನು ಗುಟ್ಟಾಗಿ ತುಂಬಬಾರದು ಎಂದು ನಿರ್ಣಯ. ಗುಪ್ತವಾಗಿ ಕೊಡುವವರಿಗೆ ಅಡ್ಡಿಯಿಲ್ಲ, ಲಕೋಟೆಯಲ್ಲಿ ಹೆಸರಿಲ್ಲದೆ ಕಾಣಿಕೆ ಪೆಟ್ಟಿಗೆಗೆ ಹಾಕಬಹುದು; ಆದರೆ ಅದು ಎಣಿಕೆಗೆ ಮೊದಲು ಬೀಳಬೇಕು, ಲೆಕ್ಕ ಬರೆದಾದ ಮೇಲೆ ಅಲ್ಲ. ಪ್ರತಿ ತಿಂಗಳ ಮೊದಲ ಭಾನುವಾರ ಹಿಂದಿನ ತಿಂಗಳ ಹೆಚ್ಚು ಅಥವಾ ಕಡಿಮೆ ಎಷ್ಟೆಂದು ಹಲಗೆಯ ಮೇಲೆ ಬರೆಯಬೇಕು. ಚೆಕ್ಕಿಗೆ ಮೂವರಲ್ಲಿ ಇಬ್ಬರ ಸಹಿ, ಖಾಲಿ ಚೆಕ್ಕಿಗೆ ಸಹಿ ಹಾಕಿದವರು ಸಹಿಯ ಅಧಿಕಾರ ಕಳೆದುಕೊಳ್ಳುತ್ತಾರೆ. ಕಾಣಿಕೆಯನ್ನು ಅದೇ ದಿನ, ಒಂದೇ ಮನೆಯವರಲ್ಲದ ಇಬ್ಬರು ಎಣಿಸಿ ಇಬ್ಬರೂ ಚೀಟಿಗೆ ರುಜು ಹಾಕಬೇಕು. ಎಲ್ಲ ಹುದ್ದೆಗೂ ಮೂರು ವರ್ಷದ ಮಿತಿ. ಇದೆಲ್ಲ ಅಪನಂಬಿಕೆಯ ಏರ್ಪಾಡು ಎಂದು ಕೆಲವರು ಗೊಣಗಿದರು. ಒಬ್ಬರು ಎಡವಿದರೆ ಇನ್ನೊಬ್ಬರು ಹಿಡಿಯಲಿ ಎಂಬ ಏರ್ಪಾಡು ಇದು. ತಾನೂ ಎಡವಬಹುದು ಎಂದು ಒಪ್ಪಿದವರು ಮಾತ್ರ ಇದಕ್ಕೆ ಸಹಿ ಹಾಕುತ್ತಾರೆ.

27 ಬಾಬ್ತುಗಳಲ್ಲಿ 15ನ್ನು ಮರುವಾರದಿಂದಲೇ ಬೇರೆಯವರು ವಹಿಸಿಕೊಂಡರು. 8ನ್ನು ಕಲಿಸಬೇಕಿತ್ತು. ಉಳಿದ 4 ಯಾರಿಗೂ ಬೇಡದ ಕೆಲಸಗಳು, ಅವನ್ನು ನಿಲ್ಲಿಸಿದರು, ಏನೂ ಕೆಡಲಿಲ್ಲ.

ಬುಧವಾರದ ಕೂಟದ ಕ್ರಮವೂ ಬದಲಾಯಿತು. ಮೂರೇ ವಚನದ 131ನೇ ಕೀರ್ತನೆ, ತಾಯಿಯ ಬಳಿ ಸುಮ್ಮನಿರುವ ಮಗುವಿನದ್ದು, ಓದುವುದು. ಐದು ನಿಮಿಷ ಮೌನ. ಆಮೇಲೆ ಪ್ರತಿಯೊಬ್ಬರೂ ತನ್ನಿಂದ ಆಗದ ಒಂದು ಸಂಗತಿಯನ್ನು ತನಗಾಗಿಯೇ ಕೇಳಿಕೊಳ್ಳುವುದು. ಇತರರಿಗಾಗಿ ಪ್ರಾರ್ಥನೆ ಅದರ ನಂತರ. ಮೊದಲ ವಾರ ಯಾರೂ ಬಾಯಿ ಬಿಡಲಿಲ್ಲ. ಎರಡನೇ ವಾರ ಒಬ್ಬ ಅಜ್ಜಿ, ಕಣ್ಣು ಕಾಣುವುದಿಲ್ಲ, ಸತ್ಯವೇದ ಓದಿ ಹೇಳುವವರು ಯಾರಾದರೂ ಬೇಕು ಎಂದರು. ಆರು ವರ್ಷದಿಂದ ಆಕೆ ಅದೇ ಬೆಂಚಿನಲ್ಲಿ, ತೆರೆದ ಪುಸ್ತಕ ಹಿಡಿದು ಕೂರುತ್ತಿದ್ದರು. ಓದುತ್ತಿದ್ದಾರೆಂದೇ ಎಲ್ಲರೂ ತಿಳಿದಿದ್ದರು.

ಹಾಗೆಂದು ಪ್ರಾರ್ಥಿಸುತ್ತಾ ಕೂತರೆ ಮಾಡು ತಾನಾಗಿ ಏರುವುದಿಲ್ಲ. 127ನೇ ಕೀರ್ತನೆ ಕಟ್ಟುವವರಿಗೆ ಕಟ್ಟಬೇಡಿ ಎನ್ನುವುದಿಲ್ಲ. ಕರ್ತನು ಕಟ್ಟದಿದ್ದರೆ ಅವರ ಶ್ರಮ ವ್ಯರ್ಥ ಎನ್ನುತ್ತದೆ. ಯೆರೂಸಲೇಮಿನ ಗೋಡೆ ಕಟ್ಟಿಸಿದ ನೆಹೆಮೀಯನು ಪ್ರಾರ್ಥಿಸಿದ, ಕಾವಲನ್ನೂ ಇಟ್ಟ. ಇಲ್ಲಿ ಜೂನ್ ಮೊದಲ ವಾರಕ್ಕೆ ಮುಗಿಯಬೇಕಿದ್ದ ಕೆಲಸ ಮಳೆಗಾಲ ಹಿಡಿದ ಮೇಲೂ ಉಳಿಯಿತು. ಮೂರು ಭಾನುವಾರ ಸಂಡೇ ಸ್ಕೂಲಿನ ಕೋಣೆಯಲ್ಲೇ ಆರಾಧನೆ, ಅರ್ಧ ಜನ ಜಗಲಿಯಲ್ಲಿ ಕೊಡೆ ಹಿಡಿದು ನಿಂತರು. ಮಳೆ ಬಿಟ್ಟ ಎರಡು ದಿನಗಳಲ್ಲಿ, ಹೆಂಚನ್ನು ಕೈಯಿಂದ ಕೈಗೆ ದಾಟಿಸಲು ನಲವತ್ತು ಮಂದಿ ಸಾಲು ನಿಂತಿದ್ದರು. ಭಜನಾ ಮಂದಿರದ ಹುಡುಗರೂ ಇದ್ದರು. ಬಿರುಕುಬಿಟ್ಟ ಹೆಂಚು ಹೊರಗಿಡಲು ಬೆರಳ ಗಿಣ್ಣಿನಿಂದ ತಟ್ಟಿ ನೋಡಬೇಕು. ಗಟ್ಟಿ ಹೆಂಚು ಠಣ್ ಎನ್ನುತ್ತದೆ, ಒಡೆದದ್ದು ಮಂಕಾಗಿ ಸದ್ದು ಮಾಡುತ್ತದೆ. ಖಜಾಂಚಿಗೆ ಮಾತ್ರ ಗೊತ್ತಿದ್ದ ಈ ಉಪಾಯವನ್ನು ಫೋನಿನಲ್ಲಿ ಕೇಳಿ ಕಲಿತರು. 212 ಹೆಂಚು ಹೊರಗೆ ಹೋದವು.

ಎಂಟನೇ ವಾರದ ನಂತರ

ಪ್ಲಾಸ್ಟರ್ ತೆಗೆದ ದಿನ ಕಾಲು ಸಣಕಲಾಗಿ, ಬೂದಿ ಬಣ್ಣದ ಸತ್ತ ಚರ್ಮ ಪದರ ಪದರವಾಗಿ ಅಂಟಿಕೊಂಡಿತ್ತು. ಉಜ್ಜಿ ಕೀಳಬಾರದು, ಉಗುರುಬೆಚ್ಚಗಿನ ನೀರಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ಅದ್ದಿಟ್ಟು ಮೆತ್ತಗಿನ ಬಟ್ಟೆಯಿಂದ ಒರಸಿ ಎಣ್ಣೆ ಹಚ್ಚಬೇಕು ಎಂದಿದ್ದರು. ಲೆಕ್ಕ ಕಲಿಯಲು ಬಂದ ಹುಡುಗ ನೀಲಿ ಪ್ಲಾಸ್ಟಿಕ್ ಬೋಗುಣಿಯಲ್ಲಿ ನೀರು ತಂದ. ಖಜಾಂಚಿ ಬಗ್ಗಲು ನೋಡಿದರು, ಆಗಲಿಲ್ಲ.

“ಬೇಡ ಮಾರಾಯ, ನಂಗೆ ಕೈ ಸರಿ ಉಂಟು.”

“ಬಗ್ಗಲಿಕ್ಕೆ ಆಗ್ತದಾ ಅಂಕಲ್?”

“ಅವಳು ಬರ್ಲಿ, ಅವಳು ಮಾಡ್ತಾಳೆ.”

“ಆಂಟಿ ಪೇಟೆಗೆ ಹೋಗಿದ್ದಾರೆ.”

ಹುಡುಗ ನೆಲದ ಮೇಲೆ ಕೂತು ಕಾದ. ನೀರು ತಣ್ಣಗಾಗುತ್ತಿತ್ತು. ಆಮೇಲೆ ಹಿಮ್ಮಡಿ ನಿಧಾನವಾಗಿ ಅಂಚು ದಾಟಿ ನೀರಿಗಿಳಿಯಿತು. ವಾಸನೆ ಇತ್ತು, ಇಬ್ಬರೂ ಅದರ ಸುದ್ದಿ ಎತ್ತಲಿಲ್ಲ. ಚರ್ಮದ ಚೂರುಗಳು ನೀರಿನ ಮೇಲೆ ತೇಲಿದವು. ಒರಸುವಾಗ ಹುಡುಗ ಜುಲೈ ತಿಂಗಳ ಕರೆಂಟು ಬಿಲ್ಲನ್ನು ಯಾವ ಬಾಬ್ತಿಗೆ ಬರೆಯಬೇಕೆಂದು ಕೇಳಿದ. ಅವರು ಹೇಳಿದರು.

ಎಲ್ಲವೂ ನೆಟ್ಟಗಾಯಿತು ಎನ್ನುವಂತಿಲ್ಲ. ಬೆಳೆಹಬ್ಬದ ದಿನ ಅವರು ಕೋಲೂರಿ ಬಂದು, ಇನ್ನೊಬ್ಬರು ಬರೆಯುತ್ತಿದ್ದ ಏಲಂ ಪಟ್ಟಿಯನ್ನು ಕಸಿದು ಎರಡು ಸಾಲು ತಿದ್ದಿದರು, ಆಮೇಲೆ ಪೆನ್ನು ಹಿಂತಿರುಗಿಸಿ ಕ್ಷಮೆ ಕೇಳಿದರು. ಕಾರ್ಯದರ್ಶಿ ಒಮ್ಮೆ ಅಭ್ಯಾಸಬಲದಿಂದ ಖಾಲಿ ಚೆಕ್ಕಿಗೆ ಸಹಿ ಹಾಕಿ, ತಾವೇ ಹರಿದರು. ಸಿಟ್ಟಾಗಿದ್ದ ಎರಡು ಮನೆಯವರು ಇನ್ನೂ ಕಾಣಿಕೆ ಕೊಡುತ್ತಿಲ್ಲ, ಆರಾಧನೆಗೆ ಬರುತ್ತಾರೆ. ರಾತ್ರಿ ಮೂರರ ಎಚ್ಚರ ಖಜಾಂಚಿಗೆ ಈಗಲೂ ಇದೆ. ಆ ಹೊತ್ತಿಗೆ ಕರೆ ಮಾಡಬಹುದಾದ ಎರಡು ನಂಬರುಗಳನ್ನು ಹಾಸಿಗೆಯ ಬಳಿ ಬರೆದಿಟ್ಟುಕೊಂಡಿದ್ದಾರೆ, ಒಮ್ಮೆ ಮಾತ್ರ ಬಳಸಿದ್ದಾರೆ.

ಅಕ್ಟೋಬರಿನ ಮೊದಲ ಭಾನುವಾರ ಹಲಗೆಯ ಮೇಲೆ “ಕಡಿಮೆ: 2,150 ರೂ.” ಎಂದು ಸೀಮೆಸುಣ್ಣದಲ್ಲಿ ಬರೆದಿತ್ತು. ಖಜಾಂಚಿ ಮೂರನೇ ಬೆಂಚಿನಲ್ಲಿ ಕೂತು ಅದನ್ನು ಓದಿದರು. ಪರ್ಸಿಗೆ ಕೈ ಹೋಯಿತು, ನಿಂತಿತು. ಸಭಾಪಾಲಕರು ಅದೇ ಅಂಕಿಯನ್ನು ಹೆಸರಿಸಿ ಸಭೆಯೊಂದಿಗೆ ಪ್ರಾರ್ಥಿಸಿದರು, ಆಮೇಲೆ ಕಾಣಿಕೆ ಚೀಲ ಬೆಂಚಿನಿಂದ ಬೆಂಚಿಗೆ ಹೊರಟಿತು.